ಕುಬಿಹಾಳದ ಗುಲದಾನ

ಗುಡಗೇರಿಯ ಬಳೆಗಾರ ಅಲ್ಲಾಸಾಬನ ಪಡಸಾಲೆಗೆ ಮೊದಲ ಸಲ ಬಂದವರು ಒಂದು ಗಳಿಗೆ ಬೆಚ್ಚಿ, ಆಮೇಲೆ ನಾಚಿಕೊಂಡು ನಗುತ್ತಿದ್ದರು. ಎದುರು ಗೋಡೆಯ ಹಲಗೆಯ ಮೇಲೆ ಹನ್ನೊಂದು ಹೆಂಗಸರ ಕೈಗಳು ಸಾಲಾಗಿ ಎದ್ದು ನಿಂತಿದ್ದವು. ಗಾಜಿನ ಕೈಗಳು. ಒಂದೊಂದು ಕೈಯೂ ಒಂದು ಹೂದಾನಿಯನ್ನು ಬೆರಳು ಸುತ್ತಿ ಎತ್ತಿ ಹಿಡಿದಂತೆ ಎರಕ ಹೊಯ್ದದ್ದು. ಕೈ, ಹೂದಾನಿ, ಮಣಿಕಟ್ಟಿನ ಬಳೆ ಎಲ್ಲ ಒಂದೇ ಗಾಜು. ಮನೆಯವರು ಅದಕ್ಕೆ ಗುಲದಾನ ಅನ್ನುತ್ತಿದ್ದರು. ಬಣ್ಣ ಮಾತ್ರ ಇಂಥದೇ ಎಂದು ಹೇಳಲು ಬರುತ್ತಿರಲಿಲ್ಲ. ಈಚೆಯಿಂದ ನೋಡಿದರೆ ಜೇನು, ಆಚೆಯಿಂದ ನೋಡಿದರೆ ನೀಲಿ, ನೀರಿನ ಮೇಲೆ ಸೀಮೆಎಣ್ಣೆ ಹರಡಿದ ಹಾಗೆ. ಸಂಜೆ ನಾಲ್ಕರ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಾಗ ಹನ್ನೊಂದೂ ಕೈಗಳ ಒಳಗೆ ಏನೋ ಹರಿದಾಡಿದಂತಾಗುತ್ತಿತ್ತು. ಆ ಹೊತ್ತಿಗೆ ಸೊಸೆ ಶಗುಫ್ತಾ ಪಡಸಾಲೆಗೆ ಕಾಲಿಡುತ್ತಿರಲಿಲ್ಲ.

ಅಲ್ಲಾಸಾಬನ ತಂದೆಯ ಕಾಲದಲ್ಲಿ ಫಿರೋಜಾಬಾದಿನಿಂದ ಬಳೆಯ ಪೆಟ್ಟಿಗೆಗಳ ಜೊತೆ ಈ ಗುಲದಾನಗಳೂ ಬರುತ್ತಿದ್ದವು. ಮದುವೆಯ ಬಳೆ ಪೂರ್ತಿ ತಮ್ಮ ಅಂಗಡಿಯಿಂದಲೇ ಇಡಿಸಿಕೊಂಡ ಮನೆಗೆ ಒಂದು ಗುಲದಾನ ಉಡುಗೊರೆ. ತಂದೆ ತೀರಿದ ಮೇಲೂ ಪೆಟ್ಟಿಗೆ ಬರಿದಾಗುವ ತನಕ ಅಲ್ಲಾಸಾಬ ಆ ಪದ್ಧತಿ ನಡೆಸಿದ. ಈಗ ಎಪ್ಪತ್ನಾಲ್ಕು ವಯಸ್ಸು. ಅಂಗಡಿಯನ್ನು ಮಗ ರಮಜಾನ್ ಫ್ಯಾನ್ಸಿ ಸ್ಟೋರ್ ಮಾಡಿಕೊಂಡು ಕೂತ ಮೇಲೆ, ಮುದುಕ ಮೂರು ವರ್ಷಗಳಿಂದ ಅದೇ ಊರು, ಅದೇ ಮನೆಗಳನ್ನು ಹುಡುಕಿ ಹೋಗಿ, ಕೊಟ್ಟ ಉಡುಗೊರೆಯನ್ನೇ ಕೊಂಡು ತರುತ್ತಿದ್ದ. ಅತ್ತ ಬಮ್ಮಿಗಟ್ಟಿಯ ಒಂದು ಮನೆಯಲ್ಲಿ ಗುಲದಾನದೊಳಗೆ ಹಣಿಗೆ ಇಟ್ಟಿದ್ದರಂತೆ. ಇನ್ನೊಂದು ಮನೆಯಲ್ಲಿ ಕರೆಂಟಿನ ಬಿಲ್ಲು ಸಿಕ್ಕಿಸಿದ್ದರಂತೆ.

ಹುಬ್ಬಳ್ಳಿಯ ಹಳೇ ಸಾಮಾನಿನ ವ್ಯಾಪಾರಿ ಸುಭಾಸ ಒಮ್ಮೆ ಬಂದು, ಹನ್ನೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಇವುಗಳಲ್ಲಿ ಬಲಗೈ ಹೆಚ್ಚು, ಎಡಗೈ ಅಪರೂಪ, ಹೊರದೇಶದವರು ಎಡಗೈಗಾಗಿ ಹುಡುಕಾಡುತ್ತಾರೆ ಎಂದು ಹೇಳಿ ಹೋದ. ಅಂದಿನಿಂದ ರಮಜಾನ್‌ನಿಗೆ ಸಮಾಧಾನವಿಲ್ಲ.

"ಕೊಟ್ಟಬಿಡೂಣು ಅಬ್ಬಾ. ಮನ್ಯಾಗ ಇದ್ದು ಏನ ಮಾಡ್ತಾವ ಇವು? ರೊಟ್ಟಿ ಬಡೀತಾವೇನು?"

"ಇನ್ನೊಂದು ಬರೂದೈತಿ," ಎಂದ ಅಲ್ಲಾಸಾಬ.

"ಎಲ್ಲಿಂದ?"

"ಕುಬಿಹಾಳದಿಂದ."

ಅಷ್ಟೇ. ಕುಬಿಹಾಳ ಗುಡಗೇರಿಗೆ ಹತ್ತಿರದಲ್ಲೇ ಇದೆ. ದೂರದೂರಿಗೆಲ್ಲ ಹೋಗಿಬಂದ ಮುದುಕ ಪಕ್ಕದ ಕುಬಿಹಾಳಕ್ಕೆ ಮಾತ್ರ ಮೂರು ವರ್ಷದಿಂದ ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಅನ್ನುತ್ತಲೇ ಇದ್ದ.

ಶಗುಫ್ತಾಳ ಮಗಳು ನಾಜಮೀನ್ ಅಣ್ಣಿಗೇರಿಯಿಂದ ತವರಿಗೆ ಬಂದದ್ದು ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ. ಮದುವೆಯಾಗಿ ಒಂದೂವರೆ ವರ್ಷ. ಅತ್ತೆ ಮರಿಯಮಬಿ ಬೇರೆ ಯಾರೂ ಅಲ್ಲ, ಶಗುಫ್ತಾಳ ಚಿಕ್ಕಮ್ಮನ ಮಗಳು, ಅವಳಿಂದ ಬಾಯ್ತುಂಬ ಆಪಾ, ಅಕ್ಕಾ ಎಂದು ಕರೆಸಿಕೊಳ್ಳುವವಳು. ಸಂಬಂಧ ಕುದುರಿಸಿದವಳೂ ಶಗುಫ್ತಾಳೇ. "ಹುಡಗಿಗೆ ಯಾಕೋ ಮೈಯಾಗ ಹುಷಾರಿಲ್ಲ. ಒಂದ ತಿಂಗಳು ಇಟಗೊಂಡು ಕಳಸ್ರಿ, ಮುಂದಿನ ತಿಂಗಳು ಮೊದಲನೇ ಶುಕ್ರವಾರ ನಾವ ಬಂದು ಕರ್ಕೊಂಡು ಹೋಗ್ತೇವಿ," ಎಂದು ಆಪಾ ಫೋನಿನಲ್ಲಿ ಹೇಳಿದ್ದಳು.

ನಾಜಮೀನ್ ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿ ಬಿಚ್ಚಿದಳು. ಕೈಯ ಬಳೆಗಳು ಜಾರಿ ಬೆರಳಿನ ಬುಡಕ್ಕೆ ಬಂದವು. ಬಿದ್ದುಹೋಗದಂತೆ ಅವಕ್ಕೆ ದಾರ ಸುತ್ತಿ ಬಿಗಿ ಮಾಡಿಕೊಂಡಿದ್ದಳು. ಮದುವೆಯಲ್ಲಿ ಅಜ್ಜನೇ ತನ್ನ ಕೈಯಾರೆ ಇಟ್ಟ ಬಳೆ, ಎರಡು-ಆರರ ಅಳತೆ. ಬಳೆಯ ಲೆಕ್ಕ ಹಾಗೆ: ಎರಡು-ಆರು, ಎರಡು-ನಾಲ್ಕು, ಎರಡು-ಎರಡು; ಅಂಕಿ ಇಳಿದಷ್ಟೂ ಕೈ ಸಣ್ಣದು. ಯಾವ ಹೆಂಗಸು ಕಂಡರೂ ಮೊದಲು ಮಣಿಕಟ್ಟು ನೋಡುವ ಅಲ್ಲಾಸಾಬ ಮೊಮ್ಮಗಳ ಕೈ ನೋಡಿದ. ನೋಡಿ, ಎದ್ದು ಹೋಗಿ, ಗುಲದಾನಗಳನ್ನು ಒಂದೊಂದಾಗಿ ಒರೆಸುತ್ತ ನಿಂತ.

ಹುಡುಗಿ ಉಣ್ಣುವುದನ್ನು ಶಗುಫ್ತಾ ಕಳ್ಳಗಣ್ಣಿನಿಂದ ನೋಡುತ್ತಿದ್ದಳು. ಎಡಗೈಯನ್ನು ತಾಟಿನ ಸುತ್ತ ಅಡ್ಡ ಇಟ್ಟು, ತಲೆ ಎತ್ತದೆ, ಯಾರೋ ಕಸಿದುಕೊಳ್ಳುತ್ತಾರೇನೋ ಎಂಬಂತೆ ಉಣ್ಣುತ್ತಿದ್ದಳು.

"ಇನ್ನೊಂದು ರೊಟ್ಟಿ ಹಾಕ್ಲಿ ಏನಬೇ?"

"ಬ್ಯಾಡಮ್ಮಾ, ಸಾಕು." ಬಾಯಿ ಸಾಕೆಂದರೂ ಕಣ್ಣು ರೊಟ್ಟಿ ಬುಟ್ಟಿಯ ಮೇಲೆಯೇ ಇತ್ತು.

ನಾಲ್ಕನೆಯ ದಿನ ಒಗೆಯಲೆಂದು ಮಗಳ ಚೀಲ ತೆಗೆದಾಗ, ಬಟ್ಟೆಯ ಅಡಿಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಎರಡು ಒಣ ರೊಟ್ಟಿ, ಒಂದು ಹೆಂಟೆ ಬೆಲ್ಲ ಸಿಕ್ಕವು. ಶಗುಫ್ತಾ ರೊಟ್ಟಿಯನ್ನು ಒತ್ತಿ ನೋಡಿದಳು. ಕೇಳಬೇಕಿತ್ತು. ಕೇಳಲಿಲ್ಲ. ಗಂಟನ್ನು ಮತ್ತೆ ಕಟ್ಟಿ ಇದ್ದಲ್ಲೇ ಇಟ್ಟು, ಚೀಲದ ಬಾಯಿ ಮುಚ್ಚಿದಳು. ಕೇಳಿದರೆ ಹುಡುಗಿ ಹೇಳಿಬಿಡುತ್ತಾಳೆ, ಹೇಳಿದರೆ ತಾನು ಏನಾದರೂ ಮಾಡಬೇಕಾಗುತ್ತದೆ ಎಂಬ ಹೆದರಿಕೆ ಅವಳಿಗೆ.

ಅಂಗಡಿಗೆ ಊಟದ ಡಬ್ಬಿ ಒಯ್ದಾಗ ಗಂಡನ ಕಿವಿಗೆ ಹಾಕಿ ನೋಡಿದಳು. "ನಾಜೂ ಅಗದಿ ಸೊರಗ್ಯಾಳ ನೋಡ್ರಿ."

ರಮಜಾನ್ ಪಿನ್ನುಗಳ ಹಾಳೆ ತೂಗುಹಾಕುತ್ತ, "ಈಗಿನ ಹುಡಗ್ಯಾರು ಬೇಕಂತನ ಸೊರಗ್ತಾರ. ಮೊಬೈಲಿನಾಗ ನೋಡಿಲ್ಲೇನು?" ಎಂದ. "ಅಲ್ಲದ ಅದು ನಿಮ್ಮ ಆಪಾನ ಮನಿ. ನೀನ ಹುಡಿಕಿದ್ದು."

ಶಗುಫ್ತಾ ಅವನು ಉಂಡು ಮುಗಿಸುವ ತನಕ ಕಾದಳು. ಖಾಲಿ ಡಬ್ಬಿ ತೆಗೆದುಕೊಂಡು ಮನೆಗೆ ಬಂದಳು.

ಎರಡನೆಯ ವಾರ, ಮಂಗಳವಾರ ಬೆಳಿಗ್ಗೆ ಅಲ್ಲಾಸಾಬ ಟೊಪ್ಪಿಗೆ ಹಾಕಿಕೊಂಡು ಹೊರಟು ನಿಂತ. "ಶಗುಫ್ತಾ, ಕುಬಿಹಾಳಕ್ಕ ಹೋಗೂಣು, ನಡಿ. ಮೊಣಕಾಲು ನೋಯ್ತಾವ, ಬಸ್ಸಿನ ಮೆಟ್ಲ ಹತ್ತಾಕ ಆಗಂಗಿಲ್ಲ ಒಬ್ಬನಿಗೇ."

"ಇವತ್ತ ಯಾಕ್ರಿ ಮಾಮಾ?"

"ಇವತ್ತ ಹೋಗಲಿಲ್ಲಂದ್ರ ನಾ ಇನ್ನೆಂದೂ ಹೋಗಂಗಿಲ್ಲ."

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಸ್ಸಿಗಾಗಿ ಕಾಯುತ್ತ ಕುಳಿತಾಗ ಮುದುಕ ತಾನಾಗಿಯೇ ಬಾಯಿಬಿಟ್ಟ. ಕುಬಿಹಾಳದ ಮಡಿವಾಳೆಪ್ಪನ ಮನೆಗೆ ನೀಲಕ್ಕ ಎಂಬ ಹಿರಿಸೊಸೆ ಬಂದಿದ್ದಳು, ನಲವತ್ತೈದು ವರ್ಷದ ಕೆಳಗೆ. ಮದುವೆಯ ಬಳೆ ಅಲ್ಲಾಸಾಬನದೇ, ಉಡುಗೊರೆಯ ಗುಲದಾನವೂ ಅವನದೇ.

"ಮದವ್ಯಾಗ ಎರಡು-ಆರು ಇಟ್ಟಿದ್ದೆ. ತುಂಬಿದ ಕೈ. ಮುಂದಿನ ಪಂಚಮಿಗೆ ಹೋದರ ಎರಡು-ನಾಕು. ಅದರ ಮುಂದಿನ ಪಂಚಮಿಗೆ ಎರಡು-ಎರಡು. ನಾ ಏನಂದೆ ಗೊತ್ತೈತೇನು? 'ನೀಲವ್ವಾ, ನಿನ್ನ ಕೈ ಭಾಳ ನಾಜೂಕ ಆಗೇತಿ' ಅಂತ ಚ್ಯಾಷ್ಟಿ ಮಾಡಿದೆ. 'ಹೌದೇನ್ರಿ, ಅಣ್ಣಾ' ಅಂತ ಆಕಿ ನಕ್ಕಳು. ನಾಕನೇ ವರ್ಷ ಎರಡು-ಎರಡೂ ಸಡ್ಲ ಆತು. ಸಣ್ಣ ಹುಡಗ್ಯಾರ ಡಬ್ಬಿ ತಗದೆ."

"ಏನಾಗಿತ್ತ್ರಿ ಆಕಿಗೆ?"

"ಹೊಟ್ಟಿಗೆ ಹಾಕ್ತಿರಲಿಲ್ಲ." ಮುದುಕ ರಸ್ತೆಯನ್ನೇ ನೋಡುತ್ತಿದ್ದ. "ಊರಾಗ ಹೆಣಮಕ್ಕಳ ಕೈ ಹಿಡಿಯೂ ಪರ ಗಂಡಸು ನಾ ಒಬ್ಬನ. ನನಗ ಗೊತ್ತಾಗಿತ್ತು. ಮನಿ ಮನಿ ಹೊಕ್ಕು ಬರೂ ಕಸಬು ನಮ್ಮದು, ಕಂಡದ್ದ ಹೇಳಿದರ ನಾಳೆ ಬಾಗಲ ತಗೀತಾರೇನು? ಆ ಶ್ರಾವಣದಾಗ ನೀರ ಸೇದಾಕ ಹೋದಾಕಿ ಕೊಡದ ಜೋಡಿ ಬಾವ್ಯಾಗ ಹೋದ್ಲು. ಕೊಡ ಜಗ್ಗಾಕ ಕಸುವು ಇರಲಿಲ್ಲ."

ಬಸ್ಸು ಬಂತು. ಶಗುಫ್ತಾ ಮಾವನ ರಟ್ಟೆ ಹಿಡಿದು ಹತ್ತಿಸಿದಳು.

ಮಡಿವಾಳೆಪ್ಪನ ಮನೆಯಲ್ಲಿ ಈಗ ಇದ್ದವಳು ಅವನ ಕಿರಿಸೊಸೆ, ನೀಲಕ್ಕನ ನೆಗೆಣ್ಣಿ, ಕಸ್ತೂರೆವ್ವ. ಎಪ್ಪತ್ತರ ಹತ್ತಿರದ, ಗಟ್ಟಿ ಹೆಂಗಸು. ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿ, ತಲೆಗೆ ಸೆರಗು ಬಿಗಿದುಕೊಂಡು ಕೂತಿದ್ದಳು.

"ಬಳಿಗಾರ ಅಲ್ಲಾಸಾಬಣ್ಣ ಅಲ್ಲೇನ್ರಿ? ಬರ್ರಿ, ಬರ್ರಿ! ನಮ್ಮ ಅತ್ತಿ ಸತ್ತಾಗಿಂದ ಈ ಕಡೆ ಹಾಯ್ದಿಲ್ಲ ನೋಡ್ರಿ." ಚಹಾ ಬಂತು, ಚುರುಮುರಿ ಬಂತು. ಗುಲದಾನದ ಮಾತೆತ್ತಿದಾಗ ಕಸ್ತೂರೆವ್ವನ ಮುಖ ಸಣ್ಣದಾಯಿತು. ಏನೂ ಕೇಳದೆ ಒಳಗೆ ಹೋಗಿ, ಅಟ್ಟದ ಮೇಲಿನಿಂದ ಹಳೆಯ ಕೌದಿಯ ತುಂಡಿನಲ್ಲಿ ಸುತ್ತಿದ್ದನ್ನು ಇಳಿಸಿ ತಂದಳು. ಬಿಚ್ಚಿದರೆ ಎಡಗೈ. ಮಸಿ, ಧೂಳು, ಆದರೂ ಬಿಸಿಲಿಗೆ ಹಿಡಿದಾಗ ಬಣ್ಣವೆಲ್ಲ ಮೇಲೆದ್ದು ಬಂತು.

"ರೊಕ್ಕದ ಮಾತು ಆಡಬ್ಯಾಡ್ರಿ, ಸುಮ್ನ ಒಯ್ರಿ. ಒಗದರ ಪಾಪ, ಇಟಗೊಂಡರ ನಿದ್ದಿ ಇಲ್ಲ," ಎಂದಳು ಕಸ್ತೂರೆವ್ವ. ಆಮೇಲೆ ಶಗುಫ್ತಾಳ ಕಡೆ ತಿರುಗಿದಳು. ಹೆಂಗಸಿನ ಮುಂದೆ ಹೇಳುವುದು ಸುಲಭ. "ಮಕ್ಕಳಾಗಲಿಲ್ಲಂತ ನಮ್ಮ ಅತ್ತಿ ಆಕಿಗೆ ರೊಟ್ಟಿ ಎಣಿಸಿ ಕೊಡ್ತಿದ್ಲು. ಒಂದೊಂದು ದಿನ ಅದೂ ಇಲ್ಲ. ನಾ ಹೊಸಾಗಿ ಬಂದಾಕಿ. ಅತ್ತಿ ಕಣ್ಣು ತಪ್ಪಿಸಿ ಇದರೊಳಗ ಒಂದ ಹಿಡಿ ಶೇಂಗಾ, ಒಂದ ಚೂರು ಬೆಲ್ಲ ಹಾಕಿಡ್ತಿದ್ದೆ. ಬಾಯಿ ಸಣ್ಣದಲ್ಲಾ, ಮೊದಮೊದಲು ಬೋರಲ ಮಾಡಿ ಉದುರಿಸಿಕೊಳ್ತಿದ್ಲು. ಸಪ್ಪಳಾದರ ಅಂಜಿಕಿ. ಕಡೀ ಕಡೀಗೆ ಹಂಗ ಮಾಡೂದು ಬೇಕಾಗಲಿಲ್ಲ. ಕೈನ ಒಳಗ ಹೋಗ್ತಿತ್ತು."

ಶಗುಫ್ತಾ ಅರಿವಿಲ್ಲದೆ ತನ್ನ ಕೈಯನ್ನು ಗುಲದಾನದ ಬಾಯಿಗೆ ಹಚ್ಚಿ ನೋಡಿದಳು. ಬೆರಳು ಹೋದವು, ಗೆಣ್ಣಿನ ಹತ್ತಿರ ಕೈ ಸಿಕ್ಕಿಕೊಂಡಿತು.

"ಯಾರ ಮುಂದೂ ಹೇಳಲಿಲ್ಲೇನ್ರಿ ನೀವು?"

"ಹೇಳಿದ್ರ ನನ್ನ ರೊಟ್ಟೀನೂ ಎಣಸ್ತಿದ್ರವ್ವಾ. ಶೇಂಗಾ ಹಾಕಿಟ್ಟು ಪುಣ್ಯಾ ಕಟಗೊಂಡೆ ಅನ್ಕೊಂಡಿದ್ದೆ." ಕಸ್ತೂರೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮೆಣಸಿನಕಾಯಿಯ ಕೈ ಎಂಬುದು ನೆನಪಿಲ್ಲದೆ, ಉರಿ ಹತ್ತಿ ಕಣ್ಣು ಇನ್ನಷ್ಟು ಸುರಿದವು. "ಅಣ್ಣಾ, ಆಕಿ ಕೈ ನೋಡಿದಾಗ ನಿಮಗ ಗೊತ್ತಾಗಲಿಲ್ಲೇನ್ರಿ?"

ಅಲ್ಲಾಸಾಬ ಗುಲದಾನವನ್ನು ಕೌದಿಯಲ್ಲಿ ಸುತ್ತತೊಡಗಿದ. ಸುತ್ತಿ ಮುಗಿದ ಮೇಲೂ ಸುತ್ತುತ್ತಲೇ ಇದ್ದ.

ಮರುದಿನ ಮಧ್ಯಾಹ್ನ ಶಗುಫ್ತಾ ರೊಟ್ಟಿ ಬಡಿಯುತ್ತಿದ್ದಳು. ಹಿತ್ತಲ ಬಚ್ಚಲಕಲ್ಲಿನ ಮೇಲೆ ನಾಜಮೀನ್ ಕುಬಿಹಾಳದ ಗುಲದಾನ ತೊಳೆಯುತ್ತಿದ್ದಳು. ಹುಣಸೆಹಣ್ಣು ಹಚ್ಚಿ ಹೊರಗಿನ ಮಸಿ ತೆಗೆದಳು. ಆಮೇಲೆ ಒಳಗಿನ ಧೂಳು ತೆಗೆಯಲು ಅರಿವೆಯ ತುಂಡು ಹಿಡಿದು ಕೈ ಒಳಗೆ ಹಾಕಿದಳು. ಕೈ ಎಲ್ಲಿಯೂ ತಡೆಯಲಿಲ್ಲ. ಮಣಿಕಟ್ಟಿನ ತನಕ ಒಳಗೆ ಹೋಯಿತು. ಗಾಜಿನ ಆಚೆ ಅವಳ ಬೆರಳುಗಳು ಹಳದಿ, ನೀಲಿ, ಕೆಂಪಾಗಿ ಆಡುತ್ತಿದ್ದವು.

ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ಎದ್ದಿತು. ಶಗುಫ್ತಾ ಓಡಿಬಂದು ಮಗಳ ಕೈಯನ್ನು ಗುಲದಾನದಿಂದ ಹೊರಗೆಳೆದಳು.

"ಖರೇ ಹೇಳು. ಹೊಟ್ಟಿಗೆ ಹಾಕ್ತಾರೋ ಇಲ್ಲೋ?"

"ಹಾಕ್ತಾರಮ್ಮಾ."

"ನನ್ನ ಮಾರಿ ನೋಡಿ ಹೇಳು."

ನಾಜಮೀನ್ ಅರಿವೆಯ ತುಂಡನ್ನು ಹಿಂಡಿ ಕಲ್ಲಿನ ಮೇಲಿಟ್ಟಳು. "ಎಲ್ಲಾರದೂ ಆದಮ್ಯಾಲೆ ಉಳದರ ಹಾಕ್ತಾರ. ಅಡಗಿಮನಿಗೆ ಕೀಲಿ ಹಾಕಿ ಚಾವಿ ಸೊಂಟಕ್ಕ ಸಿಗಿಸಿಕೊಳ್ತಾರ. ನೀವು ಕೊಟ್ಟ ಪಾತ್ರಿ ಪಗಡಿ ಹಗರು ಅಂತ ಮೊದಲ ದಿನದಿಂದ ಸಿಟ್ಟು." ಆಮೇಲೆ ತಾಯಿಯನ್ನು ನೋಡಿದಳು. "ನೀ ಚೀಲದಾಗ ರೊಟ್ಟಿ ನೋಡಿದಿ. ಗಂಟು ಬ್ಯಾರೆ ನಮೂನಿ ಕಟ್ಟಿತ್ತು. ಕೇಳ್ತಿ ಅನ್ಕೊಂಡಿದ್ದೆ."

ಶಗುಫ್ತಾಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಕಲ್ಲಿನ ಮೇಲೆಯೇ ಕುಸಿದು ಕೂತು ಅತ್ತಳು. ಆಮೇಲೆ ನೀಲಕ್ಕನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಮಗಳಿಗೆ ಹೇಳಿದಳು.

ಅಂದಿನಿಂದ ಮನೆಯಲ್ಲಿ ದಿನಾ ಜಗಳ. ರಮಜಾನ್ ಒಂದೇ ಮಾತು ಹಿಡಿದು ಕೂತ. "ಕರಿಯಾಕ ಬಂದವರನ್ನ ಬರಿಗೈಲೆ ಕಳಸಾಕ ಆಗತೈತೇನ? ಜಮಾತಿನ ಮಂದಿ ಏನಂತಾರ? ಹೋಗಲಿ, ನಾ ಆಪಾಗ ನಾಕ ಮಾತ ಹೇಳ್ತೇನಿ, ಚಲೋತ್ನಾಗಿ ನೋಡ್ಕೊಳ್ಳಾಕ."

"ಹೇಳಿದ್ರ ಕೀಲಿ ತಗೀತಾರೇನ್ರಿ?"

"ನೀನ ಹುಡಿಕಿದ್ದು!"

"ಹೌದ್ರಿ, ನಾನ ಹುಡಿಕಿದ್ದು. ಅದಕ್ಕ ನಾನ ಬ್ಯಾಡ ಅನ್ನಾಕತ್ತೇನಿ."

ಇತ್ತ ಹನ್ನೆರಡನೆಯ ಕೈ ಹಲಗೆ ಏರಿತ್ತು. ಸಾಲಿನಲ್ಲಿ ಅದೊಂದೇ ಎಡಗೈ, ಉಳಿದ ಹನ್ನೊಂದಕ್ಕೆ ಎದುರಾಗಿ ತಿರುಗಿ ನಿಂತಂತೆ ಕಾಣುತ್ತಿತ್ತು. ಅಲ್ಲಾಸಾಬ ಕುರ್ಚಿ ಹಾಕಿಕೊಂಡು ದಿನವಿಡೀ ಅದರ ಮುಂದೆಯೇ. ಮುದುಕನ ಮಾತನ್ನು ಮಗ ತೆಗೆದುಹಾಕುವುದಿಲ್ಲ ಎಂಬುದು ಶಗುಫ್ತಾಗೆ ಗೊತ್ತಿತ್ತು.

"ಮಾಮಾ, ಶುಕ್ರವಾರ ನೀವ ಹೇಳಬೇಕ್ರಿ. ನಾಜೂನ ಕಳಸಂಗಿಲ್ಲ ಅಂತ ಒಂದ ಮಾತು. ಆಕಿ ಕೈ ನೀವು ನೋಡೀರಿ."

"ಹೇಳ್ತೇನಿ, ಬೇಟಿ," ಎಂದ ಮುದುಕ, ಗಾಜಿನಿಂದ ಕಣ್ಣು ಕೀಳದೆ. "ಈ ಸಲ ಹೇಳ್ತೇನಿ."

ಆ ಮಾತು ನಂಬಿ ಶಗುಫ್ತಾ ಉಳಿದ ದಿನ ದೂಡಿದಳು.

ಶುಕ್ರವಾರ ಜುಮ್ಮಾ ನಮಾಜು ಮುಗಿಯುವ ಹೊತ್ತಿಗೆ ಮರಿಯಮಬಿ ಮಗನೊಡನೆ ಬಂದಿಳಿದಳು. ಕೋಳಿ ಸಾರು, ಬಗಾರಾ ಅನ್ನ, ಶಾವಿಗೆ ಖೀರು. ಶಗುಫ್ತಾ ಬೀಗರಿಗೆ ಬಡಿಸಿ ಮಗಳ ಕಡೆ ತಿರುಗಿದಳು. "ನಾಜೂ, ನೀನೂ ಕುಂದ್ರು," ಎಂದಳು.

"ಆಕಿ ಆಮ್ಯಾಗ ಉಣ್ತಾಳ ಬಿಡ, ರೂಢಿ ಐತಿ ಆಕಿಗೆ," ಎಂದಳು ಮರಿಯಮಬಿ, ಎಲುಬು ಚೀಪುತ್ತ. "ಸಾರು ಅಗದಿ ಚಲೋ ಆಗೇತಿ, ಶಗ್ಗು." ಅಳಿಯ ತಲೆ ತಗ್ಗಿಸಿ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ನಾಜಮೀನ್ ಬಾಗಿಲ ಮರೆಗೆ ನಿಂತು ಆ ಅನ್ನವನ್ನೇ ನೋಡುತ್ತಿದ್ದಳು.

ಊಟ ಮುಗಿದು ಎಲೆ ಅಡಿಕೆ ಆಯಿತು. ಬಳೆಗಾರನ ಮನೆಯಿಂದ ಹೆಣ್ಣುಮಗಳು ಹಳೇ ಬಳೆಯಲ್ಲಿ ಹೋಗುವ ಪದ್ಧತಿಯಿಲ್ಲ. ಅಜ್ಜನ ಎದುರು ಚಾಪೆ ಹಾಸಿದರು. ನಾಜಮೀನ್ ಕೂತು ಕೈ ನೀಡಿದಳು. ಅಲ್ಲಾಸಾಬ ಹಳೇ ಬಳೆಗಳ ದಾರ ಕತ್ತರಿಸಿ ಒಂದೊಂದೇ ತೆಗೆದಿಟ್ಟ. ಮೊಮ್ಮಗಳ ಬಲಗೈಯನ್ನು ತನ್ನೆರಡು ಅಂಗೈಗಳ ನಡುವೆ ಹಿಡಿದು, ಹೆಬ್ಬೆರಳಿನ ಬುಡ ಒತ್ತಿ, ಗೆಣ್ಣು ಮಡಚಿ, ಅರವತ್ತು ವರ್ಷ ಮಾಡಿದಂತೆಯೇ ಅಳತೆ ನೋಡಿದ. ಅವನ ತುಟಿ ಅಲುಗಿದವು. ರಮಜಾನ್ ತಂದೆಯನ್ನೇ ನೋಡುತ್ತಿದ್ದ.

"ಶಗುಫ್ತಾ," ಎಂದ ಮುದುಕ, ದನಿ ತನ್ನದಲ್ಲವೆಂಬಂತೆ. "ಎರಡು-ಎರಡರ ಡಬ್ಬಿ ತಗೊಂಬಾ."

ಅಷ್ಟೇ ಹೇಳಿದ. ಹನ್ನೆರಡು ಗಾಜಿನ ಕೈ ಹುಡುಕಿ ತಂದು ಸಾಲಾಗಿ ನಿಲ್ಲಿಸಿದ ಮನುಷ್ಯ, ನಿಜವಾದ ಕೈ ಅಂಗೈಯಲ್ಲಿ ಇದ್ದಾಗ ಮತ್ತೆ ಸಣ್ಣ ಬಳೆಯನ್ನೇ ಕೇಳಿದ.

ಶಗುಫ್ತಾ ಒಳಗೆ ಹೋದಳು. ಬಳೆಯ ಡಬ್ಬಿಗಳ ಎದುರು ನಿಂತಳು. ಒಂದೊಂದರ ಮೇಲೂ ಅಳತೆ ಬರೆದ ಚೀಟಿ. ಎರಡು-ಎರಡರ ಡಬ್ಬಿ ಕೈಗೆ ಸಿಗುವ ಹಾಗೆ ಮುಂದೆಯೇ ಇತ್ತು. ಆಪಾ ಬಿಟ್ಟರೆ ಅವಳಿಗೆ ತವರಿನವರು ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವಳು ಹಿಂದಿನ ಸಾಲಿಗೆ ಕೈ ಹಾಕಿ ಎರಡು-ಆರರ ಡಬ್ಬಿ ಎಳೆದಳು.

ಪಡಸಾಲೆಗೆ ಬಂದು ಮಗಳ ಬಾಜು ಕೂತು, ಒಂದು ಹಸಿರು ಬಳೆ ತೆಗೆದು ಅವಳ ಎಡಗೈಗೆ ಹಾಕಿದಳು. ಬಳೆ ಎಲ್ಲಿಯೂ ತಾಕದೆ ಒಳಗೆ ಹೋಯಿತು. ಕೈ ಕೆಳಗೆ ಮಾಡಿದ ಕೂಡಲೇ ತಾಕದೆಯೇ ಹೊರಗೆ ಬಂದು, ಫರಸಿಯ ಮೇಲೆ ಉರುಳುತ್ತ ಹೋಗಿ ಮರಿಯಮಬಿಯ ಕಾಲ ಬಳಿ ಬಿತ್ತು.

"ಆಪಾ, ಮದವ್ಯಾಗ ಇದ ಅಳತಿ ಇಟ್ಟಿದ್ವಿ. ಬಾಜೂಕ ಕುಂತು ನೀವ ಆರಿಸಿದ್ರಿ. ಇದು ಈ ಕೈಯಾಗ ನಿಲ್ಲೂತನಕ ನಾಜೂ ಎಲ್ಲೂ ಬರಂಗಿಲ್ಲ."

"ಏನ ಮಾತಾಡಾಕತ್ತಿ? ನಾವೇನು ಆಕೀನ ಉಪವಾಸ ಕೆಡವೇವೇನು?"

"ನಾ ಹಂಗಂದಿಲ್ಲ. ನೀವ ಅಂದ್ರಿ."

ಮರಿಯಮಬಿ ಧಡಕ್ಕನೆ ಎದ್ದಳು. "ರಕ್ತಸಂಬಂಧ ಕಡಕೊಳ್ತಿ ಏನಬೇ, ಶಗ್ಗು?"

"ಕಡಕೊಳ್ತೇನ್ರಿ."

"ಏ ಶಗುಫ್ತಾ, ಬಾಯಿ ಮುಚ್ಚು!" ರಮಜಾನ್ ಕೂಗಿದ. ಕೂಗಿದವನು ಬಗ್ಗಿ ಆ ಬಳೆ ಎತ್ತಿಕೊಂಡ. ಅದನ್ನು ನೋಡಿದ, ಮಗಳ ಕೈ ನೋಡಿದ. ಬಳೆ ಮಾರುವವನ ಮಗ, ಬಳೆ ಮಾರುವವನು; ತಿಂಗಳಿಡೀ ನೋಡದೆ ಇದ್ದದ್ದನ್ನು ಈಗ ಅಳೆದು ನೋಡಿದ. ಬೀಗಿತ್ತಿಯ ಚೀಲವನ್ನು ತಾನೇ ಎತ್ತಿ ಹೊಸ್ತಿಲ ಆಚೆ ಇಟ್ಟು ಬಂದ.

ಅಳಿಯ ಏನೋ ಹೇಳಬೇಕೆಂದು ನಿಂತ, ತಾಯಿ ಕೈ ಹಿಡಿದು ಎಳೆದಳು. ಓಣಿಯುದ್ದಕ್ಕೂ ಅವಳ ಬೈಗುಳ ಕೇಳಿಸಿತು, ಎರಡು ಮನೆಯವರು ಹೊರಗೆ ಬಂದು ನೋಡಿದರು. ಇನ್ನು ನಾಳೆಯಿಂದ ಜಮಾತಿನವರು ಬರುತ್ತಾರೆ, ಪಂಚಾಯಿತಿ ಆಗುತ್ತದೆ, ಊರೆಲ್ಲ ಮಾತಾಗುತ್ತದೆ. ಶಗುಫ್ತಾ ಒಳಗೆ ಹೋಗಿ ತಾಟಿನ ತುಂಬ ಅನ್ನ, ಸಾರು, ಎರಡು ರೊಟ್ಟಿ ಬಡಿಸಿ ತಂದು ಮಗಳ ಮುಂದೆ ಇಟ್ಟಳು.

ನಾಜಮೀನ್ ಉಣ್ಣುವಂತಿರಲಿಲ್ಲ. ಅಜ್ಜ ಅವಳ ಬಲಗೈಯನ್ನು ಇನ್ನೂ ಬಿಟ್ಟಿರಲಿಲ್ಲ. ಮುದುಕನ ಕಣ್ಣೀರು ಗಡ್ಡದಲ್ಲಿ ಇಳಿಯುತ್ತಿತ್ತು.

"ಉಣ್ಣು, ನೀಲವ್ವಾ," ಎಂದ. "ಹೊಟ್ಟಿ ತುಂಬ ಉಣ್ಣವ್ವಾ. ಇಲ್ಲಿ ಯಾರೂ ಎಣಸಂಗಿಲ್ಲ."

ಶಗುಫ್ತಾ ತಿದ್ದಲು ಬಾಯಿ ತೆರೆದಳು. ಮಗಳು ಬೇಡವೆಂದು ತಲೆಯಾಡಿಸಿದಳು. ಅಜ್ಜನ ಬೆರಳುಗಳನ್ನು ಒಂದೊಂದಾಗಿ ಮೆಲ್ಲನೆ ಬಿಡಿಸಿ ಕೈ ತೆಗೆದುಕೊಂಡಳು.

"ಉಣ್ತೇನ್ರಿ, ಅಣ್ಣಾ," ಎಂದು ಹೇಳಿ ರೊಟ್ಟಿ ಮುರಿದಳು.